ಎಲ್ಲಿಗೂ ಹೋಗದ ಸೈಕಲ್

ಟ್ರಯಲ್ಸ್ ಎಂದರೆ ಕಾಲು ನೆಲಕ್ಕೆ ಊರದೆ ಬಂಡೆ, ಕಟ್ಟೆಗಳನ್ನು ಸೈಕಲ್ಲಿನಲ್ಲೇ ಹತ್ತಿ ದಾಟುವ ಆಟ. ಅದರ 20 ಇಂಚಿನ ಸೈಕಲ್ಲಿನಲ್ಲಿ ಪೆಡಲಿನ ಹಲ್ಲುಚಕ್ರಕ್ಕೆ 18 ಹಲ್ಲು, ಹಿಂದಿನ ಗಾಲಿಯದಕ್ಕೆ 12. ಪೆಡಲನ್ನು ಪೂರ್ತಿ ಒಂದು ಸುತ್ತು ತುಳಿದರೆ ಸೈಕಲ್ ಮುಂದೆ ಹೋಗುವುದು ಎರಡೂಕಾಲು, ಎರಡೂವರೆ ಮೀಟರ್ ಅಷ್ಟೇ. ರಸ್ತೆಯಲ್ಲಿ ವೇಗವಾಗಿ ಓಡುವ ರೋಡ್ ಬೈಕ್ ಎಂಬ ಸೈಕಲ್ಲಿನ 50:11 ಗೇರಿನಲ್ಲಿ (ಮುಂದೆ 50 ಹಲ್ಲು, ಹಿಂದೆ 11) ಅದೇ ಒಂದು ಸುತ್ತಿಗೆ ಒಂಬತ್ತೂವರೆ ಮೀಟರ್. ಟ್ರಯಲ್ಸ್ ಸೈಕಲ್ಲನ್ನು ನಿಮಿಷಕ್ಕೆ 90 ಸುತ್ತಿನಂತೆ ಉಸಿರು ಕಟ್ಟಿ ತುಳಿದರೂ ಗಂಟೆಗೆ ಹದಿಮೂರೂವರೆ ಕಿಲೋಮೀಟರ್ ದಾಟುವುದಿಲ್ಲ. ಚೆನ್ನಾಗಿ ಓಡುವವರು ಪಕ್ಕದಲ್ಲೇ ಹಾದು ಮುಂದೆ ಹೋಗುತ್ತಾರೆ. ಸಾಲದ್ದಕ್ಕೆ ಇದರಲ್ಲಿ ಸೀಟೂ ಇಲ್ಲ. ಸೀಟು ಕಳಚಿಟ್ಟಿರುವುದಲ್ಲ, ಅದನ್ನು ಕೂರಿಸುವ ಕೊಳವೆಯೇ ಫ್ರೇಮಿನಲ್ಲಿಲ್ಲ.

ಸೈಕಲ್ ಲೋಕ ಟ್ರಯಲ್ಸ್ ಕಡೆ ಯಾಕೆ ತಿರುಗಿ ನೋಡುವುದಿಲ್ಲ ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ಲೆಕ್ಕದಲ್ಲೇ ಇದೆ. ಸೈಕಲ್ಲಿನ ಬಗ್ಗೆ ಬರೆಯುವುದು, ಮಾರುವುದು, ಅಳೆಯುವುದು ಎಲ್ಲವೂ ಹೋಗುವುದರ ಸುತ್ತ ನಡೆಯುತ್ತದೆ. ಎಷ್ಟು ದೂರ ಹೋದೆ, ಎಷ್ಟು ಬೇಗ ಹೋದೆ, ಎಷ್ಟು ಎತ್ತರ ಹತ್ತಿದೆ. ಟ್ರಯಲ್ಸ್‌ನಲ್ಲಿ ಎರಡು ಗಂಟೆ ಬೆವರು ಸುರಿಸಿ ಬಂದು ಫೋನಿನಲ್ಲಿ ನೋಡಿದರೆ ಜಿಪಿಎಸ್ ಆ್ಯಪ್ ನೀವು ನಿಂತೇ ಇದ್ದೀರಿ ಎಂದುಕೊಂಡು ರೆಕಾರ್ಡಿಂಗನ್ನೇ ನಿಲ್ಲಿಸಿಕೊಂಡಿರುತ್ತದೆ. ಆ್ಯಪಿನದು ತಪ್ಪೇನಿಲ್ಲ. ಈ ಆಟದ ಮೂಲ ಕ್ರಿಯೆಯೇ ನಿಲ್ಲುವುದು. ಅಳತೆ ಒಂದೇ, ಕಾಲು ನೆಲಕ್ಕೆ ಊರಿತೋ ಇಲ್ಲವೋ.

ಹೆಸರೂ ಇದಕ್ಕೆ ಶತ್ರು. ಟ್ರಯಲ್ ಎಂದರೆ ನಮಗೆ ನ್ಯಾಯಾಲಯದ ವಿಚಾರಣೆ, ಇಲ್ಲವೇ ಹೊಸ ಬಟ್ಟೆ ಹಾಕಿ ನೋಡುವುದು. ಸೈಕಲ್ಲಿನವರ ಕಿವಿಗೆ ಅದು ಟೈಮ್ ಟ್ರಯಲ್, ಅಂದರೆ ಗಡಿಯಾರದ ವಿರುದ್ಧ ಒಂಟಿ ಓಟ, ಈ ಆಟಕ್ಕೆ ಪೂರ್ತಿ ಉಲ್ಟಾ. ಮೌಂಟನ್ ಬೈಕಿನವರು ಅದನ್ನು ಟ್ರೇಲ್ ಎಂದು ಕೇಳಿಸಿಕೊಂಡು ಕಾಡುದಾರಿಯ ಮಾತಿಗೆ ತಿರುಗುತ್ತಾರೆ. ಹುಡುಕಲು ಹೊರಟವನಿಗೂ ಮೊದಲು ಸಿಗುವುದು ಬೇರೆಯವರ ಮನೆ.

ಈ ಆಟ ಹುಟ್ಟಿದ್ದು ಮೋಟಾರ್‌ಸೈಕಲ್ ಟ್ರಯಲ್ಸ್‌ನಿಂದ, ಸ್ಪೇನಿನ ಕ್ಯಾಟಲೋನಿಯಾದಲ್ಲಿ, 1970ರ ದಶಕದಲ್ಲಿ. ಮೊಂಟೆಸಾ ಕಂಪನಿಯ ಸವಾರ ಪೆರೆ ಪೀ ಬಂಡೆ ಹತ್ತುವ ಮೋಟಾರ್‌ಸೈಕಲ್ ಆಟವನ್ನು ಮಕ್ಕಳ ಸೈಕಲ್ಲಿಗೆ ಇಳಿಸಿದರು. ಅವರ ಮಗ ಓಟ್ ಪೀ ಮುಂದೆ ವಿಶ್ವ ಚಾಂಪಿಯನ್ ಆದ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ 1986ರಿಂದಲೇ ಟ್ರಯಲ್ಸ್ ವಿಶ್ವ ಚಾಂಪಿಯನ್‌ಶಿಪ್ ನಡೆಸುತ್ತಿದೆ. ಯುಸಿಐ ತನ್ನ ಮೊದಲ ಮೌಂಟನ್ ಬೈಕ್ ವಿಶ್ವ ಚಾಂಪಿಯನ್‌ಶಿಪ್ ನಡೆಸಿದ್ದು 1990ರಲ್ಲಿ. ಅಂದರೆ ವಯಸ್ಸಿನಲ್ಲಿ ಟ್ರಯಲ್ಸೇ ಅಣ್ಣ. ತಮ್ಮ 1996ರಲ್ಲಿ ಒಲಿಂಪಿಕ್ಸ್ ಸೇರಿದ, ಪುಟ್ಟ ಗಾಲಿಯ ಬಿಎಂಎಕ್ಸ್ ಸೈಕಲ್ಲಿನ ರೇಸ್ 2008ರಲ್ಲಿ ಸೇರಿತು, ಬಿಎಂಎಕ್ಸ್ ಫ್ರೀಸ್ಟೈಲ್ ಟೋಕಿಯೊದಲ್ಲಿ ಸೇರಿತು. ಅಣ್ಣ ಇನ್ನೂ ಹೊಸ್ತಿಲ ಆಚೆಗೇ ಇದ್ದಾನೆ. ಒಲಿಂಪಿಕ್ಸ್ ಇಲ್ಲದ ಆಟಕ್ಕೆ ದೇಶದ ಒಕ್ಕೂಟಗಳು ತರಬೇತುದಾರರನ್ನು ಇಡುವುದು ಕಡಿಮೆ, ಸರಕಾರಗಳು ಹಣ ಕೊಡುವುದು ಕಡಿಮೆ, ಟಿವಿಯವರು ನಾಲ್ಕು ವರ್ಷಕ್ಕೊಮ್ಮೆಯೂ ಬಾಗಿಲು ತಟ್ಟುವುದಿಲ್ಲ. ಇದರ ಮೇಲೆ ಬೈಕ್‌ಟ್ರಯಲ್ ಇಂಟರ್‌ನ್ಯಾಷನಲ್ ಯೂನಿಯನ್ ಎಂಬ ಬೇರೊಂದು ಸಂಸ್ಥೆ ತನ್ನದೇ ನಿಯಮ, ತನ್ನದೇ ವಿಶ್ವ ಪಟ್ಟ ಇಟ್ಟುಕೊಂಡು ಬೆಳೆಯಿತು. ಇಷ್ಟು ಸಣ್ಣ ಕುಟುಂಬದಲ್ಲಿ ಎರಡು ಒಲೆ ಉರಿದರೆ ಹೊರಗಿನವನಿಗೆ ಯಾರು ಚಾಂಪಿಯನ್ ಎಂದು ಹೇಳುವುದೇ ಕಷ್ಟ.

ಹಾಗಿದ್ದೂ ಆಡಳಿತವನ್ನೇ ಪೂರ್ತಿ ದೂರುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಆಡಳಿತ ಚೆನ್ನಾಗಿದ್ದರೂ ನೋಡುವವನಿಗೆ ಆಟ ಕಾಣಿಸಬೇಕಲ್ಲ. ಟ್ರಯಲ್ಸ್‌ನ ಕಷ್ಟ ಕಣ್ಣಿಗೆ ಕಾಣದ ಜಾಗದಲ್ಲಿ ಕೂತಿದೆ. ಪೆಡಲ್ ಕಿಕ್ ಎಂಬ ಒಂದೇ ಚಲನೆಯನ್ನು ಬಿಡಿಸಿ ನೋಡಿದರೆ ಇದು ಗೊತ್ತಾಗುತ್ತದೆ.

ಸವಾರ ಹಿಂದಿನ ಚಕ್ರದ ಮೇಲೆ ನಿಂತಿದ್ದಾನೆ, ಮುಂದಿನ ಚಕ್ರ ಗಾಳಿಯಲ್ಲಿದೆ. ಹಿಂದಿನ ಬ್ರೇಕನ್ನು ಒಂದೇ ತೋರುಬೆರಳು ಬಿಗಿಯಾಗಿ ಹಿಡಿದಿದೆ. ಪೆಡಲ್‌ಗಳು ಹೆಚ್ಚುಕಡಿಮೆ ನೆಲಕ್ಕೆ ಸಮವಾಗಿವೆ, ಬಲವಾದ ಕಾಲು ಮುಂದಿದೆ. ಎದುರಿಗೆ ಒಂದೂವರೆ ಮೀಟರ್ ದೂರದಲ್ಲಿ ಇನ್ನೊಂದು ಕಟ್ಟೆ. ಅವನು ಮುಂದಿನ ಚಕ್ರವನ್ನು ಸ್ವಲ್ಪ ಕೆಳಗಿಳಿಸಿ ಮೊಣಕಾಲು ಮಡಿಸುತ್ತಾನೆ, ಭಾರ ಮುಂದಕ್ಕೆ ವಾಲುತ್ತದೆ. ಬೀಳುತ್ತೇನೆ ಅನ್ನಿಸುವ ಕ್ಷಣದಲ್ಲಿ ಬ್ರೇಕ್ ಬಿಟ್ಟು, ಅದೇ ಕ್ಷಣಕ್ಕೆ ಪೆಡಲನ್ನು ಕಾಲು ಸುತ್ತು ಒದ್ದು, ಕಾಲು ನೆಟ್ಟಗೆ ಮಾಡಿ, ಹ್ಯಾಂಡಲನ್ನು ಸೊಂಟದ ಕಡೆಗೆ ಎಳೆದುಕೊಳ್ಳುತ್ತಾನೆ. ಹಿಂದಿನ ಟೈರು ಆಚೆ ಕಟ್ಟೆಯ ಅಂಚು ಮುಟ್ಟುತ್ತಲೇ ಬ್ರೇಕ್ ಮತ್ತೆ ಹಿಡಿದಿರಬೇಕು. ಬೇಗ ಬಿಟ್ಟರೆ ಸೈಕಲ್ ಕಾಲ ಕೆಳಗಿಂದ ಮುಂದೆ ಓಡಿಹೋಗಿ ಸವಾರ ಬೆನ್ನಡಿಯಾಗಿ ಬೀಳುತ್ತಾನೆ. ತಡವಾಗಿ ಬಿಟ್ಟರೆ ಒದ್ದ ಬಲವೆಲ್ಲ ಬ್ರೇಕಿನೊಳಗೇ ಸತ್ತು, ಟೈರು ಅಂಚಿಗೆ ಎರಡು ಬೆರಳು ಕಡಿಮೆ ಬಿದ್ದು, ಮೊಣಕಾಲ ಕೆಳಗಿನ ಮೂಳೆ ಕಟ್ಟೆಗೆ ಬಡಿಯುತ್ತದೆ. ಎಲ್ಲ ಸರಿಯಾದರೆ ನೋಡುವವನಿಗೆ ಕಾಣುವುದು ಒಬ್ಬ ಮನುಷ್ಯ ಇಲ್ಲಿಂದ ಅಲ್ಲಿಗೆ ಕುಪ್ಪಳಿಸಿದ್ದು. ಕಪ್ಪೆಯೂ ಮಾಡುತ್ತದೆ.

ಅಷ್ಟಕ್ಕೂ ಆ ಕಾಲು ಸುತ್ತಿನ ಒದೆತ ಸಾಮಾನ್ಯ ಸೈಕಲ್ಲಿನಲ್ಲಿ ಬರುವುದೇ ಇಲ್ಲ. ಪೆಡಲ್ ನಿಂತರೂ ಗಾಲಿ ತಿರುಗಲು ಬಿಡುವ ಸಾದಾ ಫ್ರೀವೀಲಿನೊಳಗೆ ಹಿಡಿದುಕೊಳ್ಳುವ ಸುಮಾರು 18 ಕಚ್ಚುಗಳಿದ್ದರೆ, ಒಂದು ಕಚ್ಚಿನಿಂದ ಇನ್ನೊಂದಕ್ಕೆ 20 ಡಿಗ್ರಿ. ಅದನ್ನು ಪೆಡಲಿನ ಕಡೆಗೇ ಕೂರಿಸಿದರೆ, 175 ಮಿಲಿಮೀಟರ್ ಕ್ರ್ಯಾಂಕಿನ, ಅಂದರೆ ಪೆಡಲ್ ಹೊರುವ ತೋಳಿನ, ತುದಿಯಲ್ಲಿ ಅದು ಆರು ಸೆಂಟಿಮೀಟರ್ ಸಡಿಲ. ಒದೆಯುವ ದೂರವೇ ಕಾಲು ಸುತ್ತು. ಅದರಲ್ಲಿ ಆರು ಸೆಂಟಿಮೀಟರ್ ಗಾಳಿಗೆ ಹೋದರೆ ಉಳಿಯುವುದೇನು? ಅದಕ್ಕೇ 72 ಕಚ್ಚಿನ ಫ್ರೀವೀಲ್ ಬಂತು, ಆಮೇಲೆ 108ರದು ಬಂತು. 72ರಲ್ಲಿ ಸಡಿಲ 15 ಮಿಲಿಮೀಟರಿಗೆ ಇಳಿಯುತ್ತದೆ, 108ರಲ್ಲಿ 10ಕ್ಕೆ. ಈ ಫ್ರೀವೀಲ್ ಇರುವುದು ಹಿಂದಿನ ಗಾಲಿಯ ನಡುಭಾಗವಾದ ಹಬ್ಬಿನಲ್ಲಲ್ಲ, ಮುಂದೆ ಕ್ರ್ಯಾಂಕಿನಲ್ಲಿ. 12 ಹಲ್ಲಿನ ಪುಟ್ಟ ಚಕ್ರದೊಳಗೆ ಇಷ್ಟು ಬಲ ತಡೆಯುವ ಯಂತ್ರ ಕೂರಿಸಲು ಜಾಗ ಸಾಲುವುದಿಲ್ಲ. ಹಿಂದಿನ ಹಲ್ಲುಚಕ್ರ ಹಬ್ಬಿಗೆ ಕಟ್ಟಿಹಾಕಿದಂತಿರುವುದರಿಂದ ಗಾಲಿ ತಿರುಗಿದಾಗಲೆಲ್ಲ ಚೈನೂ ತಿರುಗುತ್ತದೆ, ಪೆಡಲ್ ಸುಮ್ಮನಿದ್ದರೂ. ಸೈಕಲ್ ತಲೆಕೆಳಗು ಮಾಡಿ ಗಾಲಿ ತಿರುಗಿಸುತ್ತ ಚೈನು ಒರೆಸುವ ಅಭ್ಯಾಸ ಇದ್ದವರು ಇಲ್ಲಿ ಅದನ್ನು ಬಿಡಬೇಕು, ಬೆರಳು ಹೋಗುತ್ತದೆ.

ಚೈನಿನ ಮಾತು ಬಂದಾಗ ಇನ್ನೊಂದು ಲೆಕ್ಕ. 18 ಹಲ್ಲಿನ ಚಕ್ರದ ತ್ರಿಜ್ಯ 36 ಮಿಲಿಮೀಟರ್ ಚಿಲ್ಲರೆ. ಕ್ರ್ಯಾಂಕ್ 175. ಅಂದರೆ ಪೆಡಲ್ ಮೇಲಿನ ಭಾರ ಚೈನಿಗೆ ಬರುವಾಗ ಐದು ಪಟ್ಟಿಗೆ ಹತ್ತಿರ. 70 ಕಿಲೋ ತೂಕದವನು ಸುಮ್ಮನೆ ಪೆಡಲ್ ಮೇಲೆ ನಿಂತರೇ ಚೈನಿನ ಎಳೆತ 330 ಕಿಲೋ ದಾಟುತ್ತದೆ. ಒದ್ದಾಗ ಅದು ಇನ್ನೂ ಎಷ್ಟೋ ಹೆಚ್ಚು. ರೋಡ್ ಬೈಕಿನ 34 ಹಲ್ಲಿನ ಚಕ್ರದಲ್ಲಾದರೆ ಅದೇ ಮನುಷ್ಯನಿಗೆ 180 ಕಿಲೋ. ಅದಕ್ಕೇ ಟ್ರಯಲ್ಸ್‌ನವರು ಚೈನನ್ನು ತುಕ್ಕು ಹಿಡಿಯುವ ತನಕ ಬಳಸುವುದಿಲ್ಲ. ಕೆಲವು ತಿಂಗಳಿಗೊಮ್ಮೆ ಬದಲಾಯಿಸುತ್ತಾರೆ; ಕೊಂಡಿಯ ತಟ್ಟೆಯಲ್ಲಿ ಕೂದಲೆಳೆ ಬಿರುಕು ಕಂಡರೆ ಅವತ್ತೇ. ಒದೆಯುವ ಹೊತ್ತಿಗೆ ಚೈನು ಹರಿದರೆ ಎದೆ ಹ್ಯಾಂಡಲಿಗೆ, ಹಲ್ಲು ಎದುರಿನ ಕಟ್ಟೆಗೆ. ಬಿಗಿ ಕೂಡ ಮುಖ್ಯ: ಚೈನು ಸಡಿಲವಿದ್ದರೆ ಹಲ್ಲಿನ ಮೇಲೆ ಹತ್ತಿ ಜಾರುತ್ತದೆ, ತೀರಾ ಬಿಗಿದರೆ ಫ್ರೀವೀಲಿನ ಬೇರಿಂಗ್ ಬೇಗ ಸಾಯುತ್ತದೆ. ನಡುವೆ ಬೆರಳಿಂದ ಒತ್ತಿದರೆ ಅರ್ಧ ಸೆಂಟಿಮೀಟರ್‌ನಷ್ಟು ಅಲ್ಲಾಡಿದರೆ ಸರಿ. ಗಾಲಿಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಅತಿ ಬಿಗಿಯಾಗುವ ಜಾಗದಲ್ಲಿ ನೋಡಬೇಕು, ಏಕೆಂದರೆ ಹಲ್ಲುಚಕ್ರಗಳು ಎಂದೂ ಪೂರ್ತಿ ದುಂಡಗಿರುವುದಿಲ್ಲ.

ಬ್ರೇಕಿನ ಕತೆ ಇನ್ನೂ ವಿಚಿತ್ರ. ಜಗತ್ತೆಲ್ಲ ಡಿಸ್ಕ್ ಬ್ರೇಕಿಗೆ ಹೋದ ಮೇಲೂ ಇಲ್ಲಿ ಮಾಗುರಾ ಎಚ್‌ಎಸ್33ರಂಥ ಹೈಡ್ರಾಲಿಕ್ ರಿಮ್ ಬ್ರೇಕ್ ಬಹಳ ಕಾಲ ಉಳಿಯಿತು, ಇಂದಿಗೂ ಹಲವರಿಗೆ ಅದೇ ಇಷ್ಟ. ಡಿಸ್ಕ್ ಗಾಲಿಯ ನಡುವನ್ನು ಹಿಡಿಯುತ್ತದೆ. ಹಿಡಿದ ಮೇಲೂ ಕಡ್ಡಿಗಳು ತಿರುಚಿಕೊಂಡು ರಿಮ್ ಒಂದಿಷ್ಟು ಅಲ್ಲಾಡುತ್ತದೆ. ಅಂಚಿನ ಮೇಲೆ ನಿಂತವನಿಗೆ ಆ ಒಂದಿಷ್ಟೇ ದೊಡ್ಡದು. ರಿಮ್ ಬ್ರೇಕ್ ಗಾಲಿಯ ಹೊರಸುತ್ತನ್ನೇ ಹಿಡಿಯುತ್ತದೆ. ಆ ಹಿಡಿತಕ್ಕಾಗಿ ಹೊಚ್ಚಹೊಸ ರಿಮ್ಮಿನ ಎರಡೂ ಬದಿಯನ್ನು ಆಂಗಲ್ ಗ್ರೈಂಡರ್‌ನಿಂದ ಗೀರುತ್ತಾರೆ. ಬೇರೆ ಸೈಕಲ್ಲಿನವರು ಇದನ್ನು ನೋಡಿದರೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ಟೈರು ಟ್ಯೂಬು ತೆಗೆದು, ಕಣ್ಣಿಗೆ ಕನ್ನಡಕ ಹಾಕಿ, ತಿರುಗುವ ತಟ್ಟೆಯ ಅಂಚನ್ನು ರಿಮ್ಮಿಗೆ ಬರೀ ಸೋಕಿಸುತ್ತ, ಒಂದೆರಡು ಮಿಲಿಮೀಟರಿಗೊಂದರಂತೆ ಸುತ್ತಲೂ ಒಂದೇ ಸಮನಾದ ಗೀರು ಹಾಕಬೇಕು. ಒತ್ತಿದರೆ ಕೆಟ್ಟಿತು: ಅಲ್ಯೂಮಿನಿಯಂ ಗೋಡೆ ತೆಳುವಾಗಿ ಒಂದು ದಿನ ಸೀಳುತ್ತದೆ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಗೀರಿದರೆ ಬ್ರೇಕ್ ಒಂದು ಜಾಗದಲ್ಲಿ ಕಚ್ಚಿ ಇನ್ನೊಂದು ಜಾಗದಲ್ಲಿ ಜಾರುತ್ತದೆ, ಯಾವಾಗ ಜಾರುತ್ತದೆ ಎಂದು ಮೊದಲೇ ಗೊತ್ತಾಗುವುದಿಲ್ಲ. ಹೊಸ ಗೀರು ಪ್ಯಾಡನ್ನು ಉಜ್ಜುಗಲ್ಲಿನಂತೆ ತಿನ್ನುತ್ತದೆ. ಪ್ಯಾಡು ರಿಮ್ಮಿಗೆ ಪೂರ್ತಿ ಸಮವಾಗಿ ಕೂರಬೇಕು. ಹಿಡಿತದ ಬಲಕ್ಕೆ ಫ್ರೇಮಿನ ಹಿಂಗಾಲುಗಳೇ ಅಗಲವಾಗುವುದರಿಂದ ಬ್ರೇಕಿನ ಎರಡು ಬದಿಯನ್ನು ಬೆಸೆಯುವ ಬೂಸ್ಟರ್ ಎಂಬ ಕಮಾನು ಪಟ್ಟಿ ಹಾಕುತ್ತಾರೆ. ಇಷ್ಟಾದ ಮೇಲೆ ಬರುವ ಶಬ್ದ ಇದೆಯಲ್ಲ, ತಗಡಿನ ಮೇಲೆ ಮೊಳೆ ಎಳೆದಂತೆ. ಟ್ರಯಲ್ಸ್‌ಗೆ ಪ್ರಚಾರ ಸಿಗದಿದ್ದರೂ ಅಕ್ಕಪಕ್ಕದವರ ಗಮನ ಮಾತ್ರ ಖಂಡಿತ ಸಿಗುತ್ತದೆ.

ಇಷ್ಟು ವಿವರಿಸಿದ್ದು ಯಾಕೆಂದರೆ, ಈ ಸೈಕಲ್ಲಿನ ಒಂದೊಂದು ಭಾಗವೂ ಬೇರೆ ಯಾವ ಕೆಲಸಕ್ಕೂ ಬಾರದು. ಪೆಡಲ್‌ಗಳ ನಡುವಿನ ಅಚ್ಚು ಸಾಮಾನ್ಯ ಸೈಕಲ್ಲಿನಲ್ಲಿ ಗಾಲಿಯ ಅಚ್ಚಿಗಿಂತ ಕೆಳಗಿರುತ್ತದೆ. ಇಲ್ಲಿ ಮೇಲಿರುತ್ತದೆ, ಕೆಲವದರಲ್ಲಿ ಐದಾರು ಸೆಂಟಿಮೀಟರ್. ಹಿಂದಿನ ಚಕ್ರದ ಮೇಲೆ ನಿಲ್ಲಲು ಇದು ವರ, ನೆಟ್ಟಗೆ ರಸ್ತೆಯಲ್ಲಿ ಹೋಗಲು ಶಾಪ. ಎರಡೂವರೆ ಇಂಚು ಅಗಲದ ಹಿಂದಿನ ಟೈರಿನಲ್ಲಿ ಗಾಳಿ 20 ಪಿಎಸ್‌ಐ ಆಸುಪಾಸು. ಹೆಚ್ಚಾದರೆ ಅಂಚಿನಿಂದ ಚೆಂಡಿನಂತೆ ಪುಟಿಯುತ್ತದೆ; ಕಡಿಮೆಯಾದರೆ ಪಕ್ಕಕ್ಕೆ ಮಡಚಿಕೊಳ್ಳುತ್ತದೆ, ಇಲ್ಲವೇ ರಿಮ್ಮು ಟ್ಯೂಬನ್ನು ಕಚ್ಚಿ ಎರಡು ತೂತು ಮಾಡುತ್ತದೆ. ತೂಕದವರು ಒಂದೆರಡು ಪಿಎಸ್‌ಐ ಹೆಚ್ಚು ಹಾಕಿಕೊಳ್ಳಬೇಕು. ಮಾರುವವನ ಕಡೆಯಿಂದ ಯೋಚಿಸಿ: ಆಫೀಸಿಗೆ ಹೋಗಲಾರದ, ಪೇಟೆಗೆ ಹೋಗಲಾರದ, ಮಗು ಕೂರಿಸಲಾರದ, ಸ್ವತಃ ಕೂರಲಾರದ ಸೈಕಲ್ಲನ್ನು ಅಂಗಡಿಯಲ್ಲಿ ಯಾಕೆ ನಿಲ್ಲಿಸಬೇಕು? ಮೌಂಟನ್ ಬೈಕ್ ರೇಸು ನೋಡಿದವರಲ್ಲಿ ನೂರಕ್ಕೆ ಒಬ್ಬನಾದರೂ ಅಂಥದ್ದೇ ಸೈಕಲ್ ಕೊಂಡು ಭಾನುವಾರ ಗುಡ್ಡಕ್ಕೆ ಹೋಗುತ್ತಾನೆ. ಟ್ರಯಲ್ಸ್ ನೋಡಿದವನು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾನೆ. ಜಾಹೀರಾತಿನ ಹಣ ಬಾರದ ಕಡೆ ಪತ್ರಿಕೆಯ ಪುಟವೂ ಬರುವುದಿಲ್ಲ. ಇದರಲ್ಲಿ ಪಿತೂರಿ ಏನಿಲ್ಲ.

ಆದರೆ ನೋಡಿದವರೇ ಕಡಿಮೆ ಎಂದು ಹೇಳುವಂತಿಲ್ಲ, ಇದೇ ತಮಾಷೆ. 2009ರ ಏಪ್ರಿಲ್‌ನಲ್ಲಿ ಸ್ಕಾಟ್ಲೆಂಡಿನ ಡ್ಯಾನಿ ಮೆಕ್‌ಆಸ್ಕಿಲ್ ಎಡಿನ್‌ಬರೋದ ಬೀದಿಗಳಲ್ಲಿ ಮಾಡಿದ ಸವಾರಿಯ ವಿಡಿಯೊ ಯೂಟ್ಯೂಬಿಗೆ ಬಂದು ಲೋಕವೆಲ್ಲ ನೋಡಿತು. ಮೊನಚು ಸರಳುಗಳ ಬೇಲಿಯ ಮೇಲೆ ಅವನು ಸೈಕಲ್ ಓಡಿಸಿದ್ದು ಸೈಕಲ್ ಗೊತ್ತಿಲ್ಲದವರಿಗೂ ನೆನಪಿದೆ. 2012ರಲ್ಲಿ ಬ್ರಿಟನ್ನಿನ ಟ್ರಯಲ್ಸ್ ಸವಾರ ಮಾರ್ಟಿನ್ ಆಷ್ಟನ್ ಅದೇ ಕಸರತ್ತನ್ನು ಪಿನರೆಲ್ಲೊ ಕಂಪನಿಯ ಕಾರ್ಬನ್ ರೋಡ್ ಬೈಕಿನ ಮೇಲೆ ಮಾಡಿದ. ಅದುವರೆಗೆ ಟ್ರಯಲ್ಸ್ ಎಂದರೆ ಮುಖ ತಿರುಗಿಸುತ್ತಿದ್ದ ರೋಡ್ ಬೈಕಿನವರು ಅದನ್ನು ಒಬ್ಬರಿಗೊಬ್ಬರು ಕಳಿಸಿಕೊಂಡು ನೋಡಿದರು. ಕಾರಣ ಸ್ಪಷ್ಟ: ಸೈಕಲ್ ತಮ್ಮದು. ತೆಳ್ಳನೆ ಟೈರಿನಲ್ಲಿ ಮೆಟ್ಟಿಲು ಹಾರುವುದು ಎಷ್ಟು ಕಷ್ಟ ಎಂದು ಅವರ ಮೈಗೆ ಗೊತ್ತು. 20 ಇಂಚಿನ ಸೀಟಿಲ್ಲದ ಸೈಕಲ್ ಮೇಲೆ ಅದಕ್ಕಿಂತ ಹತ್ತು ಪಟ್ಟು ಕಷ್ಟದ್ದನ್ನು ಮಾಡಿದರೆ ಹೋಲಿಸಿ ನೋಡಲು ಮೈಯಲ್ಲಿ ನೆನಪೇ ಇಲ್ಲ. ಅವರಿಗಿಂತ ಎಷ್ಟೋ ಮೊದಲು ಹಾನ್ಸ್ ರೇ ಇದೇ ದಾರಿ ಹಿಡಿದಿದ್ದ. ಟ್ರಯಲ್ಸ್‌ನಲ್ಲಿ ಪಳಗಿ, ಅಮೆರಿಕಕ್ಕೆ ಹೋಗಿ, ಹೆಸರು ಮಾಡಿದ್ದು ಮೌಂಟನ್ ಬೈಕ್ ಸವಾರನಾಗಿ.

ವಿಡಿಯೊದಿಂದ ಬಂದ ಹೆಸರು ಸ್ಪರ್ಧೆಗೆ ಹರಿಯದಿರುವುದಕ್ಕೆ ಇನ್ನೊಂದು ಕಾರಣ ಇದೆ. ವಿಡಿಯೊದಲ್ಲಿ ನಾವು ನೋಡುವುದು ಗೆದ್ದ ಪ್ರಯತ್ನ. ನೂರು ಸಲ ಬಿದ್ದು ಒಂದು ಸಲ ಆದದ್ದು. ಸ್ಪರ್ಧೆಯಲ್ಲಿ ಸೆಕ್ಷನ್ ಎಂಬ ಒಂದೊಂದು ಅಡೆತಡೆಯ ಹಾದಿಗೆ ಸಿಗುವುದು ಎರಡು ನಿಮಿಷ. ಸಂಗೀತ ಇಲ್ಲ. ಸವಾರ ಒಂದು ಬಂಡೆಯ ಮೇಲೆ ಹಿಂದಿನ ಚಕ್ರದಲ್ಲಿ ಟಕ್ ಟಕ್ ಎಂದು ಏಳೆಂಟು ಸಲ ಕುಪ್ಪಳಿಸಿ, ಹಿಂದೆ ಸರಿದು, ಮತ್ತೆ ಕುಪ್ಪಳಿಸಿ ಆಮೇಲೆ ಹಾರುತ್ತಾನೆ. ವಿಡಿಯೊ ಜೋಡಿಸುವವರು ಮೊದಲು ಕತ್ತರಿಸಿ ಬಿಸಾಡುವುದು ಈ ಕುಪ್ಪಳಿಕೆಯನ್ನೇ. ನನ್ನ ಕೇಳಿದರೆ ಆಟ ಇರುವುದು ಅಲ್ಲೇ. ಟೈರಿನ ಯಾವ ಭಾಗ ಅಂಚಿನ ಮೇಲಿದೆ, ಗಾಲಿ ಎಷ್ಟು ಓರೆಯಾಗಿದೆ, ಪೆಡಲ್ ಯಾವ ಕೋನದಲ್ಲಿ ನಿಂತಿದೆ ಎಂಬುದನ್ನೆಲ್ಲ ಅವನು ಆ ಏಳೆಂಟು ಸಲದಲ್ಲಿ ಸರಿಪಡಿಸಿಕೊಳ್ಳುತ್ತಿರುತ್ತಾನೆ.

ಅಂಕದ ಲೆಕ್ಕವೂ ಬಹಳ ವರ್ಷ ನೋಡುವವರನ್ನು ದೂರ ಇಟ್ಟಿತು. ಹಳೆಯ ಪದ್ಧತಿಯಲ್ಲಿ ಕಾಲೂರಿದರೆ ಒಂದು ದಂಡ, ಐದಾದರೆ ಸೆಕ್ಷನ್ ಹೋದಂತೆ. ಕಡಿಮೆ ಅಂಕದವನು ಗೆದ್ದ. ಸೊನ್ನೆ ಬಂದವನು ಮೊದಲಿಗ ಎಂದು ಹೊಸಬರಿಗೆ ತಿಳಿಸಿ ಹೇಳುವಷ್ಟರಲ್ಲಿ ಸ್ಪರ್ಧೆಯೇ ಮುಗಿದಿರುತ್ತಿತ್ತು. ಯುಸಿಐ ಅದನ್ನು ತಿರುಗಿಸಿತು: ಸೆಕ್ಷನ್ನಿಗೆ ಆರು ಗೇಟು (ದಾಟಬೇಕಾದ ಗುರುತು), ದಾಟಿದ ಗೇಟಿಗೆ 10 ಅಂಕ, ಎಲ್ಲ ದಾಟಿದರೆ 60. ಒಳ್ಳೆಯ ಬದಲಾವಣೆಯೇ. 2017ರಲ್ಲಿ ಚೀನಾದ ಚೆಂಗ್ಡುವಿನಲ್ಲಿ ಶುರುವಾದ ಅರ್ಬನ್ ಸೈಕ್ಲಿಂಗ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಟ್ರಯಲ್ಸನ್ನು ಬಿಎಂಎಕ್ಸ್ ಫ್ರೀಸ್ಟೈಲ್ ಪಕ್ಕದಲ್ಲಿ ನಿಲ್ಲಿಸಿದ್ದೂ ಸರಿಯೇ. ಆದರೆ ಪಕ್ಕದವನು ಮೂರು ಮೀಟರ್ ಗಾಳಿಗೆ ಹಾರಿ ಸೈಕಲ್ಲನ್ನು ಗಿರಗಿರ ತಿರುಗಿಸುವಾಗ ಇತ್ತ ಒಬ್ಬ ಕಾಂಕ್ರೀಟಿನ ಅಂಚಿನಲ್ಲಿ ಅಲ್ಲಾಡದೆ ನಿಂತಿದ್ದಾನೆ. ಕ್ಯಾಮೆರಾ ಯಾವ ಕಡೆ ತಿರುಗುತ್ತದೆ?

ಕ್ಯಾಮೆರಾ ಇನ್ನೊಂದು ಮೋಸವನ್ನೂ ಮಾಡುತ್ತದೆ. ಅಗಲ ನೋಟದ ಲೆನ್ಸ್ ಎತ್ತರವನ್ನು ನುಂಗುತ್ತದೆ. ಒಂದು ಮೀಟರ್ ಎತ್ತರದ ಕಟ್ಟೆಯನ್ನು ನಿಂತಲ್ಲಿಂದಲೇ ಪಕ್ಕಕ್ಕೆ ಹತ್ತುವುದು, ಅಂದರೆ ಸೈಡ್ ಹಾಪ್, ಪರದೆಯ ಮೇಲೆ ಮೆಟ್ಟಿಲು ಹತ್ತಿದಷ್ಟೇ ಕಾಣುತ್ತದೆ. ಚಿತ್ರ ತೆಗೆಯುವವರು ಲೆನ್ಸನ್ನು ಕಟ್ಟೆಯ ಮೇಲಂಚಿನ ಮಟ್ಟಕ್ಕೆ ತಂದು, ಹಾರುವ ದಿಕ್ಕಿಗೆ ಅಡ್ಡವಾಗಿ ನಿಂತು, ಸ್ವಲ್ಪ ದೂರದಿಂದ ಜೂಮ್ ಮಾಡಿ ತೆಗೆಯಬೇಕು. ಕಟ್ಟೆಯ ಪಕ್ಕ ಒಬ್ಬ ಮನುಷ್ಯ ನಿಂತಿದ್ದರೆ ಎತ್ತರ ತಾನೇ ಗೊತ್ತಾಗುತ್ತದೆ. ಕಟ್ಟೆಯ ಬದಲು ಸರಕು ಪೇರಿಸಲು ಬಳಸುವ ಹಲಗೆಯ ಚೌಕಟ್ಟು, ಅಂದರೆ ಪ್ಯಾಲೆಟ್ ಆದರೆ ಲೆಕ್ಕ ಇನ್ನೂ ಸುಲಭ. ಯೂರೋಪಿನ ಅಳತೆಯ ಮರದ ಪ್ಯಾಲೆಟ್ ಒಂದರ ಎತ್ತರ 144 ಮಿಲಿಮೀಟರ್. ಏಳು ಪೇರಿಸಿದರೆ ಹೆಚ್ಚುಕಡಿಮೆ ಒಂದು ಮೀಟರ್. ಎಣಿಸಿ ನೋಡಿದವನಿಗೆ ಎತ್ತರ ಅರ್ಥವಾಗುತ್ತದೆ.

ಆ ಏಳನ್ನು ಹತ್ತುವ ತನಕ ಹೋಗುವ ದಾರಿ ಉದ್ದ, ಹೊಸಬರು ಉಳಿಯದಿರುವುದಕ್ಕೆ ಅದೂ ಕಾರಣ. ಮೊದಲು ನಿಲ್ಲುವುದು. ರೋಡ್ ಬೈಕಿನವರು ಸಿಗ್ನಲ್‌ನಲ್ಲಿ ಮುಂಚಕ್ರ ಓರೆ ಮಾಡಿ ಹಿಂದೆ ಮುಂದೆ ಉರುಳುತ್ತ ನಿಲ್ಲುತ್ತಾರಲ್ಲ, ಅದಲ್ಲ. ಇಲ್ಲಿ ಎರಡೂ ಬ್ರೇಕ್ ಹಿಡಿದು, ಮೊಣಕಾಲು ಸೊಂಟಗಳನ್ನೇ ತಕ್ಕಡಿ ಮಾಡಿಕೊಂಡು ನಿಲ್ಲಬೇಕು. ಬೀಳುವ ಕಡೆಗೆ ಮೊಣಕಾಲು ಹೋದರೆ ಕೆಲಸ ಕೆಟ್ಟಿತು, ಎದುರು ಕಡೆಗೆ ಚಾಚಬೇಕು. ದಿನಕ್ಕೆ ಹತ್ತು ನಿಮಿಷದಂತೆ ಕೆಲವು ವಾರ ಬೇಕು. ಆಮೇಲೆ ಹಿಂದಿನ ಚಕ್ರದ ಮೇಲೆ ಕುಪ್ಪಳಿಸುವುದು. ಇಲ್ಲಿ ಎಲ್ಲರೂ ಮಾಡುವ ತಪ್ಪು ತೋಳಿನಿಂದ ಹ್ಯಾಂಡಲ್ ಎಳೆಯುವುದು. ಎರಡು ನಿಮಿಷಕ್ಕೆ ಮುಂಗೈ ಸೋತು ಬ್ರೇಕಿನ ಬೆರಳೇ ಬಿಟ್ಟುಹೋಗುತ್ತದೆ. ತೋಳು ನೆಟ್ಟಗಿಟ್ಟು ಭಾರವನ್ನು ಹಿಂದಕ್ಕೆ ನೇತುಹಾಕಿ, ಕುಪ್ಪಳಿಕೆಯನ್ನು ಕಾಲಿಂದ ಮಾಡಬೇಕು. ಮೊದಮೊದಲು ಮೂರು, ಐದು. ಇಪ್ಪತ್ತು ಸಲ ಒಂದೇ ಜಾಗದಲ್ಲಿ ಕುಪ್ಪಳಿಸಲು ಬಂದ ಮೇಲೆ ಪೆಡಲ್ ಕಿಕ್, ಅದೂ ನೆಲದ ಮೇಲೆ ಬಳಿದ ಗೆರೆಯಿಂದ ಗೆರೆಗೆ. ಒಂದು ಪ್ಯಾಲೆಟ್, ಆಮೇಲೆ ಎರಡು. ಮೂರನೆಯದಕ್ಕೆ ಬರುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ಅಲ್ಲಿಯವರೆಗೂ ಬೇರೆಯವರಿಗೆ ತೋರಿಸಬಹುದಾದದ್ದು ಏನೂ ಇರುವುದಿಲ್ಲ. ಬಿಎಂಎಕ್ಸ್ ಕಲಿಯುವ ಹುಡುಗ ಮೊದಲ ವಾರವೇ ಇಳಿಜಾರಿನಲ್ಲಿ ರಭಸವಾಗಿ ಇಳಿದು ಖುಷಿಪಡುತ್ತಾನೆ. ಟ್ರಯಲ್ಸ್ ಕಲಿಯುವವನ ಮೊದಲ ತಿಂಗಳ ಸಾಧನೆ ಏನೆಂದು ಕೇಳಿದರೆ, ನಿಂತೆ ಎನ್ನಬೇಕು.

ಪ್ಯಾಲೆಟ್ ಪೇರಿಸುವವರು ಮೇಲಿನದರ ಹಲಗೆಗಳ ಸಂದಿಗೆ ಟೈರು ಇಳಿಯದಂತೆ ಒಂದು ದಪ್ಪ ಪ್ಲೈವುಡ್ ತುಂಡನ್ನು ಮೊಳೆಯಲ್ಲ, ಸ್ಕ್ರೂ ಹಾಕಿ ಕೂರಿಸಿಕೊಳ್ಳಬೇಕು. ಕುಪ್ಪಳಿಸಿದ ಹೊಡೆತಕ್ಕೆ ಮೊಳೆ ಮೇಲೇಳುತ್ತದೆ. ಪೇರಿಸಿದ್ದನ್ನು ಲಗೇಜ್ ಬೆಲ್ಟಿನಿಂದ ಒಟ್ಟಿಗೆ ಬಿಗಿಯಬೇಕು, ಇಲ್ಲದಿದ್ದರೆ ಸೈಡ್ ಹಾಪ್ ಮಾಡಿದಾಗ ಮೇಲಿನದು ಜಾರುತ್ತದೆ. ಮಳೆಯಲ್ಲಿ ನೆನೆದ ಹಲಗೆಯ ಮೇಲೆ ಅವತ್ತು ಹತ್ತಲೇಬಾರದು. ನೋಡಲು ಬಂದವರು ಹಾರುವಾಗ ಸವಾರನ ಮುಖ ನೋಡದೆ, ಹಿಂದಿನ ಟೈರು ಅಂಚಿಗೆ ತಾಗುವ ಜಾಗವನ್ನೂ ಬ್ರೇಕಿನ ಮೇಲಿನ ಆ ಒಂದು ಬೆರಳನ್ನೂ ನೋಡಲಿ.